ಹಿರಿಯರಿಗೆ ಬಿಟ್ಟ ಕಣ

ಹಡರ್ಸ್‌ಫೀಲ್ಡ್
ಇಂಗ್ಲೆಂಡ್, 9 ಫೆಬ್ರವರಿ 1997

ಪ್ರೀತಿಯ ಟ್ಯಾಂಟಿ,

ಗೋಡೆ ಸಿಕ್ಕಿತು. ಮೊದಲು ಇದನ್ನೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಇಲ್ಲಿಯ ಚಳಿ, ನಿಮ್ಮ ಮಂಡಿನೋವು ಅಂತ ಪುಟ ತುಂಬಿಸಿ ಮುಖ್ಯ ಸಂಗತಿಯನ್ನು ಅಂಚಿನಲ್ಲಿ ತುರುಕಬೇಕಾಗುತ್ತದೆ. ಊರಿನ ಕಲಾ ಗ್ಯಾಲರಿಯವರು ಜುಲೈ ತಿಂಗಳಲ್ಲಿ ಮೂರು ವಾರ ಒಂದು ಇಡೀ ಗೋಡೆಯನ್ನು ನನ್ನ ಫೋಟೋಗಳಿಗೆ ಬಿಟ್ಟುಕೊಟ್ಟಿದ್ದಾರೆ. ಹೆಜ್ಜೆ ಹಾಕಿ ಅಳೆದೆ, ಹದಿನೇಳು ಹೆಜ್ಜೆ. ನಂಬಿಕೆ ಬಾರದೆ ಹಿಂತಿರುಗಿ ಇನ್ನೊಮ್ಮೆ ಅಳೆದೆ. ಅಲ್ಲಿಯ ಕಾವಲುಗಾರ ನನಗೇನಾದರೂ ಬೇಕಿತ್ತೇ ಎಂದು ಕೇಳಿದ.

ಆ ಗೋಡೆಯ ಮೇಲೆ ನಮ್ಮ ಹೆಂಗಸರು ಬರುತ್ತಾರೆ. ನಮ್ಮ ಕ್ಯಾರಿಯಾಕೂ ದ್ವೀಪದಿಂದ ಇಲ್ಲಿಗೆ ಬಂದು ನೆಲೆಸಿದ ಹೆಂಗಸರು, ಪ್ರತಿ ಗುರುವಾರ ಮಧ್ಯಾಹ್ನ ಚರ್ಚಿನ ಹಿಂದಿನ ಹಾಲ್‌ನಲ್ಲಿ ದೊಡ್ಡ ಡೋಲಿಗೆ ಕುಣಿಯಲು ಸೇರುವವರು. ಶುರು ಮಾಡಿದ್ದು ಆರೋಗ್ಯ ಕೇಂದ್ರದ ನರ್ಸ್. ಹನ್ನೊಂದು ಜನರಲ್ಲಿ ಒಂಬತ್ತು ಜನಕ್ಕೆ ರಕ್ತದೊತ್ತಡ, ಆರು ಜನಕ್ಕೆ ಸಕ್ಕರೆ ಕಾಯಿಲೆ. ನಡೆಯಿರಿ ಎಂದು ಆಕೆ ಹೇಳಿದಾಗ ಮಿಸ್ ರೂಬಿ, "ಈ ಚಳೀಲಿ ಎಲ್ಲಿಗೆ ನಡೀಲಮ್ಮ? ಒಂದು ಡೋಲು ಕೊಡು, ಬೇಕಾದ್ರೆ ಇಲ್ಲಿಂದ ಕ್ಯಾರಿಯಾಕೂವರೆಗೂ ಕುಣ್ಕೊಂಡೇ ಹೋಗ್ತೀನಿ" ಎಂದರಂತೆ. ಬಸ್ ಓಡಿಸಿ ನಿವೃತ್ತರಾದ ಮಿಸ್ಟರ್ ಕಾಸ್ನೆಲ್ ಮೂರು ಪೀಪಾಯಿ ತಂದು ಮೇಕೆ ಚರ್ಮ ಬಿಗಿದರು. ಈಗ ಕುಣಿಯುವ ಮೊದಲೊಮ್ಮೆ, ಆಮೇಲೊಮ್ಮೆ ನರ್ಸ್ ಎಲ್ಲರ ತೋಳಿಗೆ ಪಟ್ಟಿ ಸುತ್ತಿ ಅಳೆಯುತ್ತಾಳೆ. ನಾನು ಕ್ಯಾಮೆರಾ ಹಿಡಿದು ಗೋಡೆಗೆ ಒರಗಿ ನಿಂತಿರುತ್ತೇನೆ.

ಚಿತ್ರಗಳನ್ನು ಬಚ್ಚಲುಮನೆಯಲ್ಲಿ ನಾನೇ ತೊಳೆದು ತೆಗೆಯುತ್ತೇನೆ. ಅಂಗಡಿಯ ಯಂತ್ರಕ್ಕೆ ಕೊಟ್ಟರೆ ಅದು ನಮ್ಮವರ ಮೈಬಣ್ಣವನ್ನು ಬೂದಿ ಮಾಡುತ್ತದೆ, ಇಲ್ಲವಾದರೆ ಇದ್ದಿಲು. ಮಿಸ್ ರೂಬಿಯ ಭುಜಕ್ಕೆ ಸರಿಯಾದ ಕಪ್ಪು ಸಿಗಲು ನನಗೆ ನಾಲ್ಕು ಸಂಜೆ ಬೇಕಾಯಿತು. ಸಿಕ್ಕಾಗ ಟಬ್ಬಿನ ಅಂಚಿನ ಮೇಲೆ ಕುಳಿತು ಒಬ್ಬಳೇ ನಕ್ಕೆ. ಒಂದು ಭುಜದಲ್ಲಿ ಎಷ್ಟೊಂದು ಕಪ್ಪುಗಳಿವೆ, ಟ್ಯಾಂಟಿ. ಒಂಬತ್ತು ಚಿತ್ರಗಳನ್ನು ಇದರೊಂದಿಗೆ ಇಟ್ಟಿದ್ದೇನೆ.

ಗೋಡೆಯ ನಡುವೆ ಅಮ್ಮ ಇರಬೇಕು. ಇದು ನನ್ನಾಸೆ. ಆದರೆ ಅಮ್ಮ ಕುಣಿಯುವುದಿಲ್ಲ. ಹೋದ ವರ್ಷ ಪಾರ್ಶ್ವವಾಯು ಬಡಿದ ಮೇಲೆ ಮಾತು ಪೂರ್ತಿ ಮರಳಿತು, ಕೈ ಅರ್ಧ ಮರಳಿತು, ಬಲಗಾಲು ಮಾತ್ರ ಎಳೆಯುತ್ತದೆ. ಗುರುವಾರ ತಪ್ಪದೆ ಬರುತ್ತಾಳೆ. ಬಾಗಿಲ ಪಕ್ಕದ ಕುರ್ಚಿಯಲ್ಲಿ, ಕೋಟು ಬಿಚ್ಚದೆ, ಚೀಲ ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವಳ ಹಾಗೆ ಕೂರುತ್ತಾಳೆ. ಯಾರಾದರೂ ಕರೆದರೆ "ಕಾಲು" ಎನ್ನುತ್ತಾಳೆ. ಕಾಲೊಂದೇ ಕಾರಣವಿರಲಿಕ್ಕಿಲ್ಲ ಅನ್ನಿಸುತ್ತದೆ, ಕಾಲು ನೆಟ್ಟಗಿದ್ದಾಗಲೂ ಎಷ್ಟೋ ವರ್ಷದಿಂದ ಅವಳು ಕುಣಿದದ್ದನ್ನು ನಾನು ಕಂಡಿಲ್ಲ. ನಮ್ಮ ಹಿರಿಯರು ಬಂದದ್ದು ಆಫ್ರಿಕಾದ ಯಾವ ನಾಡಿನಿಂದ, ಡೋಲಿನ ಮುಂದಿನ ಕಣದಲ್ಲಿ ನಾವು ಯಾವ ನಾಡಿನ ಕುಣಿತಕ್ಕೆ ಏಳಬೇಕು ಎಂದು ಕೇಳಿದರೆ "ಮರೆತೆ" ಎನ್ನುತ್ತಾಳೆ. ಮರೆತಳೋ, ನನಗೆ ಹೇಳಲು ಇಷ್ಟವಿಲ್ಲವೋ. ನೀವು ಅವಳ ಅಕ್ಕ, ನಿಮಗೆ ಗೊತ್ತಿರುತ್ತದೆ.

ನಿಮ್ಮ
ಜೋಸ್ಲಿನ್

*

ಕ್ಯಾರಿಯಾಕೂ
ವೆಸ್ಟ್ ಇಂಡೀಸ್, 6 ಮಾರ್ಚ್ 1997

ಮಗು ಜೋಸ್ಲಿನ್,

ನಿನ್ನ ಕಾಗದವೂ ಚಿತ್ರಗಳೂ ಸೋಮವಾರ ಬಂದವು. ಮೇಜಿನ ಮೇಲೆ ಹರಡಿ ಎಣಿಸಿದೆ. ಭುಜ ಏಳು, ಬೆನ್ನು ನಾಲ್ಕು, ಪಾದ ಆರು, ಸೊಂಟ ಎರಡು. ಮುಖ ಸೊನ್ನೆ. ನೀನು ಫೋಟೋ ತೆಗೆಯುವವಳೋ, ಹಿಲ್ಸ್‌ಬರೋ ಸಂತೆಯಲ್ಲಿ ಮಾಂಸ ಕಡಿಯುವವಳೋ?

ಚೆನ್ನಾಗಿಲ್ಲ ಎನ್ನುತ್ತಿಲ್ಲ. ಚರ್ಮ ಚರ್ಮದ ಹಾಗೇ ಇದೆ, ಮುಟ್ಟಬೇಕೆನಿಸುತ್ತದೆ. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು, ಒಳ್ಳೆಯ ಕೆಲಸವನ್ನು ಒಳ್ಳೆಯದು ಎಂದೇ ಹೇಳುತ್ತೇನೆ. ಆದರೆ ಈ ಬೆನ್ನು ಯಾರದು? ಹೆಸರು ಯಾಕೆ ಬರೆದಿಲ್ಲ? ಒಂದನ್ನು ಮಾತ್ರ ಗುರುತಿಸಿದೆ, ಅದು ರೂಬಿಯದು. ಅವಳ ತಾಯಿಯೂ ಕತ್ತು ಹಾಗೇ ಓರೆ ಮಾಡುತ್ತಿದ್ದಳು, ಸಾಲ ಕೊಡಲ್ಲ ಎನ್ನುವವಳ ಹಾಗೆ. ಮಿಕ್ಕವರು ಯಾರ ಮಕ್ಕಳು ಎಂದು ತಿಳಿಯದೆ ನಾನು ಅವರನ್ನು ಹೇಗೆ ನೋಡಲಿ?

ನಮ್ಮದು ತೆಮ್ನೆ ನಾಡು. ನಿಮ್ಮಜ್ಜನ ಕಡೆಯಿಂದ. ನಿಮ್ಮಮ್ಮ ಲಿಯೋನಿ ಮರೆತಿಲ್ಲ. ಹೆಸರು ಬರೆಯಲು ಕಲಿಯುವ ಮೊದಲೇ ಅವಳು ತೆಮ್ನೆ ಕುಣಿದವಳು.

ಅವಳನ್ನು ಕಣಕ್ಕೆ ಕರೆಯಬೇಡ. ಏಕೆ ಎಂದು ನನ್ನನ್ನು ಕೇಳಬೇಡ.

ಎಸ್ಟಿಮಿ ಟ್ಯಾಂಟಿ

*

ಹಡರ್ಸ್‌ಫೀಲ್ಡ್
30 ಮಾರ್ಚ್ 1997

ಪ್ರೀತಿಯ ಟ್ಯಾಂಟಿ,

ನಿಮ್ಮ ಕಾಗದ ಓದಿ ಎರಡು ದಿನ ಸಿಟ್ಟಿನಲ್ಲಿದ್ದೆ. ಮೂರನೆಯ ದಿನ ಚಿತ್ರಗಳನ್ನು ಹಾಲ್‌ಗೆ ಒಯ್ದು ಅವರಿಗೇ ತೋರಿಸಿದೆ. ಇಷ್ಟು ತಿಂಗಳಲ್ಲಿ ಒಮ್ಮೆಯೂ ತೋರಿಸಿರಲಿಲ್ಲ ಎಂಬುದು ಆಗ ಹೊಳೆಯಿತು.

ಮಿಸ್ ರೂಬಿ ತಮ್ಮ ಚಿತ್ರವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ನನ್ನ ತಲೆ ಎಲ್ಲಮ್ಮ?"

"ಭುಜದ ಮೇಲೆ ಬೆಳಕು ಚೆನ್ನಾಗಿತ್ತು, ಮಿಸ್ ರೂಬಿ."

"ತಲೆ ಮೇಲೆ ಕತ್ತಲೆ ಇತ್ತಾ? ಅವತ್ತು ಕೂದಲಿಗೆ ಎರಡು ಗಂಟೆ ಕೂತಿದ್ದೆ ನಾನು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಯೋಚಿಸಿದೆ. ಕಲಾಶಾಲೆಯಲ್ಲಿ ಹಾಗೆ ಕಲಿಸಿದ್ದರು, ಮುಖ ಬಿಟ್ಟರೆ ದೇಹ ಶಿಲ್ಪವಾಗುತ್ತದೆ ಎಂದು. ಅದು ನಿಜವೇ ಇರಬಹುದು. ಆದರೆ ನಾನು ಮುಖ ಬಿಟ್ಟದ್ದು ಅದಕ್ಕಲ್ಲ. ಮುಖ ಬೇಕೆಂದರೆ ಎದುರು ಹೋಗಿ ನಿಲ್ಲಬೇಕು, ಕೇಳಬೇಕು, ಅವರೂ ನನ್ನನ್ನು ನೋಡುತ್ತಾರೆ. ಇವರು ಆಸ್ಪತ್ರೆಗೆ ಹೋದರೆ ಮಂಡಿಗೊಬ್ಬ ಡಾಕ್ಟರು, ಸಕ್ಕರೆಗೊಬ್ಬ, ಗರ್ಭಕೋಶಕ್ಕೊಬ್ಬ. ಗುರುವಾರ ಎರಡು ಗಂಟೆ ಮಾತ್ರ ಇಡಿಯಾಗಿ ಇರುತ್ತಾರೆ. ಅಲ್ಲಿಯೂ ನಾನು ಹೋಗಿ ತುಂಡು ಮಾಡಿದೆ.

ಎಲ್ಲವನ್ನೂ ಮತ್ತೆ ತೆಗೆಯುತ್ತಿದ್ದೇನೆ. ಮುಖದ ಸಮೇತ, ಹೆಸರಿನ ಸಮೇತ, ಕುಣಿಯುತ್ತಿರುವಾಗಲೇ. ಕೇಳಿ, ಹೂಂ ಎಂದವರದ್ದು ಮಾತ್ರ. ಮಿಸ್ ರೂಬಿ ಮೂರು ಬಗೆಯ ಟೋಪಿ ತಂದಿದ್ದರು.

ಈಗ ನಿಜವಾದ ಸುದ್ದಿ. ನಿನ್ನೆ ಫಿಲ್ಮ್ ಸುರುಳಿ ತೊಳೆದು ಸಣ್ಣ ಚಿತ್ರಗಳನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದೆ. ಮುಂದೆ ಮಿಸ್ ರೂಬಿ ತಿರುಗುತ್ತಿದ್ದಾರೆ. ಹಿಂದೆ, ಮೂಲೆಯಲ್ಲಿ, ಕುರ್ಚಿಯ ಮೇಲೆ ಅಮ್ಮ. ಸಾಲಾಗಿ ಐದು ಚಿತ್ರದಲ್ಲಿ ಅಮ್ಮನ ಕೋಟು ಸ್ಪಷ್ಟ, ಚೀಲ ಸ್ಪಷ್ಟ, ಎಡ ಬೂಟು ಸ್ಪಷ್ಟ. ಬಲ ಬೂಟು ಮಸುಕು. ಕ್ಯಾಮೆರಾಗೆ ಮಸುಕು ಎಂದರೆ ಒಂದೇ ಅರ್ಥ, ಟ್ಯಾಂಟಿ. ಅದು ಅಲುಗುತ್ತಿತ್ತು. ಡಾಕ್ಟರು ಇನ್ನು ಇಷ್ಟೇ ಎಂದಿದ್ದ ಕಾಲು ಡೋಲಿಗೆ ತಾಳ ಹಾಕುತ್ತಿತ್ತು.

ದೊಡ್ಡದು ಮಾಡಿ ತೆಗೆದಿದ್ದೇನೆ. ಅಮ್ಮನಿಗೆ ತೋರಿಸಲೇ? ನೋಡಿದರೆ ಧೈರ್ಯ ಬರಬಹುದು. ಆದರೆ ಇದನ್ನೂ ಕೇಳದೆ ತೆಗೆದದ್ದೇ. ಬೇಗ ಬರೆಯಿರಿ.

ನಿಮ್ಮ
ಜೋಸ್ಲಿನ್

*

ಕ್ಯಾರಿಯಾಕೂ
24 ಏಪ್ರಿಲ್ 1997

ಜೋಸ್ಲಿನ್,

ತೋರಿಸಬೇಡ. ತನ್ನ ಕಾಲು ಅಲುಗಿದ್ದು ಹೆಂಗಸಿಗೆ ಗೊತ್ತಿರುವುದಿಲ್ಲ ಎಂದುಕೊಂಡೆಯಾ? ಅವಳು ಅದನ್ನು ಬೂಟಿನೊಳಗೆ ಬಚ್ಚಿಟ್ಟುಕೊಂಡಿದ್ದಾಳೆ. ಅಲ್ಲೇ ಇರಲಿ.

ಏಕೆ ಎಂದು ಕೇಳಬೇಡ ಎಂದಿದ್ದೆ. ನೀನು ಕೇಳಲಿಲ್ಲ. ಕೇಳಿದ್ದರೆ ಬೈದು ಸುಮ್ಮನಾಗಬಹುದಿತ್ತು, ಈಗ ನಾನೇ ಹೇಳಬೇಕಾಗಿದೆ.

1990ರ ಏಪ್ರಿಲ್‌ನಲ್ಲಿ ನಿಮ್ಮಜ್ಜಿಗೆ ಗೋರಿಕಲ್ಲು ನಿಲ್ಲಿಸಿದೆವು. ಕಲ್ಲು ನಿಲ್ಲುವವರೆಗೆ ಸತ್ತವರು ಪೂರ್ತಿ ಹೋಗಿರುವುದಿಲ್ಲ, ನಿನಗೆ ಗೊತ್ತಿದೆ. ಅಂದು ಮಕ್ಕಳು ಮೊದಲು ಕುಣಿಯಬೇಕು. ಲಿಯೋನಿ ಟಿಕೆಟ್ ತೆಗೆದಿದ್ದಳು. ಬರುತ್ತೇನೆ ಎಂದು ಬರೆದಿದ್ದಳು. ಊರೆಲ್ಲ ಸೇರಿತು, ಡೋಲು ಕಾಯ್ದವು, ಅವಳು ಬರಲಿಲ್ಲ. ಇಬ್ಬರ ಹೆಸರಲ್ಲೂ ನಾನೊಬ್ಬಳೇ ಕುಣಿದೆ. ವಾರದ ಮೇಲೆ ಅವಳ ಕಾಗದ ಬಂತು, ಒಂದೇ ಸಾಲು: ಬರಲಾಗಲಿಲ್ಲ. ನಾನು ಬರೆದೆ: ಹೆತ್ತವಳ ಕಲ್ಲಿಗೆ ಬಾರದ ಕಾಲು ಇನ್ನು ಯಾವ ಕಣಕ್ಕೂ ಇಳಿಯದಿರಲಿ.

ನಾನು ಬರೆದದ್ದು ಇದು, ಒಂದಕ್ಷರ ಬದಲಿಸಿಲ್ಲ. ಅವಳು ಉತ್ತರ ಬರೆಯಲಿಲ್ಲ, ಮಾತನ್ನು ಮಾತ್ರ ಪಾಲಿಸಿದಳು.

ಎರಡು ವರ್ಷದ ಮೇಲೆ ರೂಬಿ ಊರಿಗೆ ಬಂದಾಗ ತಿಳಿಯಿತು. ಆ ವಾರ ನಿನ್ನ ಗರ್ಭಕೋಶ ತೆಗೆದಿದ್ದರು, ರಕ್ತ ನಿಂತಿರಲಿಲ್ಲ, ಲಿಯೋನಿ ಹನ್ನೊಂದು ದಿನ ಆಸ್ಪತ್ರೆಯ ಬೆಂಚಿನಲ್ಲಿದ್ದಳು. ಟಿಕೆಟ್ ಇದ್ದದ್ದನ್ನು ನಿನಗೆ ಹೇಳಿದ್ದಾಳೆಯೇ? ಇಲ್ಲವೆಂದು ತಿಳಿದಿದ್ದೇನೆ. ತಿಳಿದ ಮೇಲೂ ನಾನು ನನ್ನ ಮಾತು ವಾಪಸು ತೆಗೆದುಕೊಳ್ಳಲಿಲ್ಲ. ಇಂದು ಬರೆಯೋಣ, ನಾಳೆ ಬರೆಯೋಣ ಎಂದು ಐದು ವರ್ಷವಾಯಿತು. ಕಾಲು ಹೋಯಿತೆಂದು ಕೇಳಿದ ದಿನ ನಾನು ಊಟ ಮಾಡಲಿಲ್ಲ.

ಇದರೊಳಗೆ ಇನ್ನೊಂದು ಲಕೋಟೆ ಇದೆ. ಅವಳ ಕೈಗೆ ಕೊಡು. ನೀನು ಒಡೆಯಬೇಡ.

ಎಸ್ಟಿಮಿ

*

ಹಡರ್ಸ್‌ಫೀಲ್ಡ್
15 ಮೇ 1997

ಪ್ರೀತಿಯ ಟ್ಯಾಂಟಿ,

ಲಕೋಟೆ ಕೊಟ್ಟೆ. ಅಮ್ಮ ನಿಮ್ಮ ಅಕ್ಷರ ನೋಡಿದಳು, ಚೀಲದೊಳಗೆ ಹಾಕಿಕೊಂಡಳು, ಚೀಲದ ಕೊಂಡಿ ಬಿಗಿದಳು. ಒಡೆದಿಲ್ಲ.

ಟಿಕೆಟ್ಟಿನ ಬಗ್ಗೆ ಈಗ ಬರೆಯಲಾರೆ.

ಇನ್ನೊಂದು ಸುದ್ದಿ. ಗುರುವಾರದ ಕುಣಿತ ವ್ಯಾಯಾಮದ ಹಾಗಾಗಿದೆ, ಒಂದು ಸಲ ಕ್ರಮವಾಗಿ ಮಾಡೋಣ ಎಂದು ಹೆಂಗಸರೇ ತೀರ್ಮಾನಿಸಿದ್ದಾರೆ. ಇದೇ ಇಪ್ಪತ್ತೈದು, ಭಾನುವಾರ. ಹಿರಿಯರಿಗೆ ಎಡೆ ಇಟ್ಟು, ನೀರು ರಮ್ ಚೆಲ್ಲಿ, ಮೊದಲು ಅವರು ಕುಣಿಯಲೆಂದು ಕಣ ಖಾಲಿ ಬಿಟ್ಟು, ಆಮೇಲೆ ನಾವು. ಮಿಸ್ಟರ್ ಕಾಸ್ನೆಲ್ ಡೋಲಿನ ಚರ್ಮ ಬದಲಿಸುತ್ತಿದ್ದಾರೆ. ಎಡೆಗೆ ಅನ್ನದ ಉಂಡೆ ಯಾರದು, ಜೋಳದ ಹಿಟ್ಟಿನ ಮುದ್ದೆ ಯಾರದು ಎಂದು ಜಗಳ ಆಗಲೇ ಶುರುವಾಗಿದೆ. ತೊಗರಿಕಾಳು ಡಬ್ಬಿಯದು ಆಗಬಹುದೇ ಎಂದು ಒಬ್ಬರು ಕೇಳಿದ್ದಕ್ಕೆ ಮಿಸ್ ರೂಬಿ, "ನಿಮ್ಮಜ್ಜಿ ಅಲ್ಲಿಂದ ಡಬ್ಬಿ ಓಪನರ್ ತರ್ತಾಳಾ?" ಎಂದರು.

ಎಲ್ಲವೂ ಒಂದೇ ದಿನ ಸಿಗುತ್ತದೆ, ಇಡೀ ಗೋಡೆ. ಹತ್ತು ಸುರುಳಿ ಕೊಂಡಿದ್ದೇನೆ. ನಿದ್ದೆ ಬರುತ್ತಿಲ್ಲ.

ಜೋಸ್ಲಿನ್

*

ಹಡರ್ಸ್‌ಫೀಲ್ಡ್
26 ಮೇ 1997

ಟ್ಯಾಂಟಿ,

ನಾನು ತಪ್ಪು ಮಾಡಿದೆ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಮಧ್ಯಾಹ್ನ ಎಲ್ಲ ಸರಿಯಾಗಿ ನಡೆಯಿತು. ಒಳಕೋಣೆಯಲ್ಲಿ ಬಿಳಿ ಬಟ್ಟೆ ಹಾಸಿ ಎಡೆ ಇಟ್ಟರು. ಮಿಸ್ ರೂಬಿ ನಾಲ್ಕು ಮೂಲೆಗೂ ನೀರು ಚೆಲ್ಲಿದರು, ಮಿಸ್ಟರ್ ಕಾಸ್ನೆಲ್ ರಮ್ ಚೆಲ್ಲಿದರು. ಮೂರು ಡೋಲು ಶುರುವಾದವು. ಹೆಂಗಸರು ಸುತ್ತ ನಿಂತು ಕಣ ಖಾಲಿ ಬಿಟ್ಟರು. ಯಾರೂ ಕಾಣದ ಆ ಕಣಕ್ಕೆ ಎಲ್ಲರೂ ಸ್ವಲ್ಪ ಬಾಗಿ, ಜಾಗ ಮಾಡಿಕೊಟ್ಟವರ ಹಾಗೆ ನಿಂತಿದ್ದರು.

ಆಗ ಮೋಡ ಸರಿದು ಎತ್ತರದ ಕಿಟಕಿಯಿಂದ ಬಿಸಿಲು ಕಣದ ನಟ್ಟನಡುವೆ ಬಿತ್ತು. ಇಂಥ ಬಿಸಿಲು ಈ ಊರಲ್ಲಿ ಐದು ನಿಮಿಷ ಇದ್ದರೆ ಹೆಚ್ಚು. ಬೆಳಕು ಅಳೆಯುವ ಮೀಟರನ್ನು ನಾನು ಯಾವಾಗಲೂ ನನ್ನ ಕೈಯ ಮೇಲೆಯೇ ಹಿಡಿದು ನೋಡುವುದು, ನಮ್ಮವರ ಮೈಗೆ ಅದೇ ಸರಿಯಾದ ಅಳತೆ. ಹೆಗಲ ಕ್ಯಾಮೆರಾ ತೆಗೆದು ಅಮ್ಮನ ತೊಡೆಯ ಮೇಲಿಟ್ಟೆ. ಎಡಗೈ ಮುಂದೆ ಚಾಚಿ, ಕಣ್ಣು ಮೀಟರಿನ ಮುಳ್ಳಿನ ಮೇಲಿಟ್ಟು, ಬಿಸಿಲಿದ್ದಲ್ಲಿಗೆ ನಡೆದೆ. ಕಣದ ನಡುವಿಗೆ. ಹಿರಿಯರು ಕುಣಿಯುತ್ತಿದ್ದ ಕಣದ ನಡುವಿಗೆ.

ಡೋಲು ನಿಂತವು. ತಲೆ ಎತ್ತಿದಾಗ ಎಲ್ಲರೂ ನನ್ನ ಕಾಲನ್ನು ನೋಡುತ್ತಿದ್ದರು.

"ಯಾರಜ್ಜಿ ಕಾಲು ತುಳಿದ್ಲೋ ಏನೋ" ಎಂದು ಮಿಸ್ ರೂಬಿ ಮೆಲ್ಲಗೆ ಅಂದರು. ಯಾರೂ ನಗಲಿಲ್ಲ.

ನಾನು ಹಿಂದಕ್ಕೆ ಹೆಜ್ಜೆ ಇಟ್ಟೆ. ಮಿಸ್ಟರ್ ಕಾಸ್ನೆಲ್ ಕೈ ಎತ್ತಿದರು. "ನಿಲ್ಲು. ಹೋಗಿದ್ದಾಯ್ತು, ಹೇಳ್ದೆ ಹೊರಗೆ ಬರೋದು ಇನ್ನೂ ಕೆಟ್ಟದ್ದು. ಮಂಡಿ ಊರಿ ತಪ್ಪಾಯ್ತು ಅನ್ನು."

"ಒಬ್ಳೇ ಅಂದ್ರೆ ಆಗಲ್ಲ ಕಾಸ್ನೆಲ್" ಎಂದರು ಮಿಸ್ ರೂಬಿ. "ಅವಳ ಮನೆಯೋರು ಪಕ್ಕದಲ್ಲಿ ನಿಂತು ಕೇಳ್ಬೇಕು. ಅವಳ ನಾಡು ಯಾವುದು ಅಂತ ಡೋಲಿಗೆ ಹೇಳ್ಬೇಕು."

"ಅವಳ ಮನೆಯೋರು ಯಾರಿದಾರೆ ಇಲ್ಲಿ?" ಎಂದರು ಕಾಸ್ನೆಲ್.

ಯಾರಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಗಿಲ ಕಡೆ ತಿರುಗಲಿಲ್ಲ. ಆ ಸೂಕ್ಷ್ಮವನ್ನು ನಾನು ಎಂದಿಗೂ ಮರೆಯುವುದಿಲ್ಲ.

ನಾನು ಮಂಡಿಯೂರಿದೆ. ನಾಲ್ಕು ವರ್ಷದವಳಿದ್ದಾಗ ಹೀಗೇ ಖಾಲಿ ಕಣಕ್ಕೆ ಓಡಹೊರಟಿದ್ದೆ, ನೀವು ರಟ್ಟೆ ಹಿಡಿದು ಎಳೆದಿರಿ. ಗೊತ್ತಿರಲಿಲ್ಲ ಎಂದು ಹೇಳುವ ಹಾಗೂ ಇರಲಿಲ್ಲ.

ಹಿಂದೆ ಕುರ್ಚಿ ಕಿರ್ರೆಂದಿತು. ಕ್ಯಾಮೆರಾವನ್ನು ಯಾರದೋ ಕೈಗೆ ಕೊಟ್ಟ ಸದ್ದು. ಆಮೇಲೆ ಒಂದು ಹೆಜ್ಜೆ, ಒಂದು ಎಳೆತ. ಒಂದು ಹೆಜ್ಜೆ, ಒಂದು ಎಳೆತ. ಅಮ್ಮ ಕೋಟು ಬಿಚ್ಚುತ್ತಲೇ ಬಂದಳು, ಅದು ನೆಲಕ್ಕೆ ಬಿತ್ತು, ಎತ್ತಿಕೊಳ್ಳಲಿಲ್ಲ. ಕಣದ ಅಂಚಿನಲ್ಲಿ ನಿಂತಳು. ಎಷ್ಟು ಹೊತ್ತೋ. ಆಮೇಲೆ ಒಳಗೆ ಬಂದಳು. ನನ್ನ ಭುಜ ಹಿಡಿದು, ನನ್ನ ಮೇಲೆ ಭಾರ ಹಾಕಿ, ಎಡ ಮಂಡಿ ಊರಿದಳು. ಬಲಗಾಲು ಪಕ್ಕಕ್ಕೆ ಚಾಚಿಕೊಂಡಿತ್ತು.

"ಅಮ್ಮಾ, ನಾನು ಲಿಯೋನಿ" ಎಂದಳು. ಎದುರಿನ ಖಾಲಿ ಜಾಗಕ್ಕೆ. "ಇದು ನನ್ನ ಮಗಳು. ಕಣ ತುಳಿದದ್ದು ಅವಳ ತಪ್ಪು. ನಿನ್ನ ಕಲ್ಲಿಗೆ ಬಾರದೆ ಇದ್ದದ್ದು ನನ್ನ ತಪ್ಪು. ಎರಡನ್ನೂ ಒಟ್ಟಿಗೇ ನೋಡ್ಕೊ."

ಆಮೇಲೆ ಡೋಲಿನ ಕಡೆ ತಿರುಗಿ, ಮಾಮೂಲಿ ದನಿಯಲ್ಲಿ, "ಏನ್ ನೋಡ್ತಿದೀಯ ಕಾಸ್ನೆಲ್, ತೆಮ್ನೆ ಹೊಡಿ" ಎಂದಳು.

ಟ್ಯಾಂಟಿ, ಅವಳು ಎದ್ದಳು. ನಾನೂ ಮಿಸ್ ರೂಬಿಯೂ ಕಂಕುಳು ಹಿಡಿದೆವು, ನಿಂತ ಮೇಲೆ ಕೊಡವಿಬಿಟ್ಟಳು. ಕಾಲು ಎಳೆಯುತ್ತದಲ್ಲ, ಆ ಎಳೆತವನ್ನೇ ಹೆಜ್ಜೆ ಮಾಡಿಕೊಂಡಳು. ಎಡಗಾಲು ಊರುವುದು ಡೋಲಿನ ಪೆಟ್ಟಿಗೆ, ಬಲಗಾಲು ಸರಿಯುವುದು ಪೆಟ್ಟಿನ ನಡುವಿನ ಬಿಡುವಿಗೆ. ಕಾಸ್ನೆಲ್ ಎರಡು ಸುತ್ತಿನಲ್ಲಿ ಅದನ್ನು ಹಿಡಿದರು, ಬಿಡುವನ್ನು ಅವಳಿಗಾಗಿ ಅಗಲ ಮಾಡಿದರು. ಲಂಗದ ಅಂಚನ್ನು ಎಡಗೈಯಲ್ಲಿ ಎತ್ತಿ ಹಿಡಿದಿದ್ದಳು. ಬಲಗೈ ಅರ್ಧಕ್ಕೆ ಎದ್ದಿತ್ತು. ಮೂರು ಸುತ್ತು. ಹೆಂಗಸರ ಹಾಡು ಗೋಡೆಗಳನ್ನು ನೂಕುತ್ತಿತ್ತು.

ನನ್ನ ಕೈಯಲ್ಲಿ ಮೀಟರ್ ಬಿಟ್ಟರೆ ಏನೂ ಇರಲಿಲ್ಲ. ಮುಳ್ಳು ತೋರಿಸುತ್ತಿದ್ದ ಅಳತೆ ಈಗಲೂ ನೆನಪಿದೆ. ಯಾರೂ ಒಂದು ಚಿತ್ರವನ್ನೂ ತೆಗೆಯಲಿಲ್ಲ. ಹತ್ತು ಸುರುಳಿಯೂ ಡಬ್ಬಿಯಲ್ಲೇ ಇವೆ. ಇದನ್ನು ಬರೆಯುವಾಗ ದುಃಖವಾಗಬೇಕಿತ್ತು. ಆಗುತ್ತಿಲ್ಲ, ಹುಡುಕಿ ನೋಡಿದೆ.

ಗೋಡೆಯ ನಡು ಖಾಲಿ ಉಳಿದರೂ ಉಳಿಯಲಿ. ಇನ್ನು ಅಮ್ಮ ಹೇಳಿದಂತೆ.

ನಿಮ್ಮ
ಜೋಸ್ಲಿನ್

*

ಹಡರ್ಸ್‌ಫೀಲ್ಡ್
13 ಜುಲೈ 1997

ಎಸ್ಟಿಮಿ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರಕ್ಕೆ ಅಂಕ ಕೊಡಬೇಡ.

ನಿನ್ನ ಲಕೋಟೆ ಇನ್ನೂ ಒಡೆದಿಲ್ಲ. ಅಕ್ಕ ಹೂಂ ಅಂದಳು, ಅದಕ್ಕೇ ತಂಗಿ ಕಣಕ್ಕಿಳಿದಳು ಎಂದು ನಿನಗೆ ಅನ್ನಿಸಬಾರದು. ನಾನು ಇಳಿದದ್ದು ಮಗಳು ಒಳಗೆ ಒಬ್ಬಳೇ ಇದ್ದಳೆಂದು. ಡಿಸೆಂಬರ್‌ನಲ್ಲಿ ಬರುತ್ತೇನೆ. ಟಿಕೆಟ್ ಜೋಸ್ಲಿನ್ ತೆಗೆದಿದ್ದಾಳೆ, ಎರಡು. ಅಮ್ಮನ ಕಲ್ಲಿನ ಹತ್ತಿರ ಕೂತು ಲಕೋಟೆಯನ್ನು ನೀನೇ ಗಟ್ಟಿಯಾಗಿ ಓದು. ಎದುರಿಗೆ ಹೇಳಿಸಿಕೊಳ್ಳುವ ಆಸೆ ನನಗೆ.

ಆ ಭಾನುವಾರದ ನಂತರದ ಗುರುವಾರ ಜೋಸ್ಲಿನ್ ಕ್ಯಾಮೆರಾ ಹಿಡಿದು ನನ್ನೆದುರು ಬಂದು ನಿಂತಳು. "ಅಮ್ಮಾ, ತೆಗೀಲಾ?" ಎಂದಳು. ಆರು ವರ್ಷದವಳನ್ನು ನಿನ್ನ ಮಡಿಲಿಂದ ಕರೆಸಿಕೊಂಡಾಗಿನಿಂದ ಇವತ್ತಿನವರೆಗೆ ಅವಳು ಯಾವುದಕ್ಕೂ ನನ್ನ ಒಪ್ಪಿಗೆ ಕೇಳಿದವಳಲ್ಲ. ಏನು ಮಾಡುತ್ತಾಳೆ ನೋಡೋಣ ಎಂದು ಬೇಡ ಎಂದೆ. ಕ್ಯಾಮೆರಾ ಚೀಲಕ್ಕೆ ಹಾಕಿ ಬಂದು ನನ್ನ ಪಕ್ಕ ಕುಣಿದಳು. ಕೆಟ್ಟದಾಗಿ ಕುಣಿಯುತ್ತಾಳೆ ಎಸ್ಟಿಮಿ, ಒದ್ದೆ ಬಟ್ಟೆ ಒಣಹಾಕುವವಳ ಹಾಗೆ ಕೈ ಆಡಿಸುತ್ತಾಳೆ. ಅದಕ್ಕೇ ನಾಲ್ಕು ವಾರ ಬೇಡ ಎಂದೆ, ಅಷ್ಟು ಹೊತ್ತು ಅವಳು ಪಕ್ಕದಲ್ಲಿರಲಿ ಎಂದು. ಆಸ್ಪತ್ರೆಯ ಆ ಹನ್ನೊಂದು ದಿನದ ಬಗ್ಗೆ ಅವಳೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಕುಣಿದು ಮುಗಿದ ಮೇಲೆ ತಾನೇ ನನ್ನ ಬೆವರು ಒರೆಸುತ್ತಿದ್ದಳು. ಐದನೆಯ ಗುರುವಾರ ಹೂಂ ಎಂದೆ.

ನಿನ್ನೆ ಗ್ಯಾಲರಿ ತೆರೆದರು. ನಮ್ಮ ಹನ್ನೊಂದು ಜನರೂ ಗೋಡೆಯ ಮೇಲೆ, ತಲೆ ಸಮೇತ, ಕೆಳಗೆ ಹೆಸರು, ನಾಡು. ನಡುವೆ ನಾನು. ನನ್ನ ಎತ್ತರಕ್ಕಿಂತ ಎತ್ತರ. ಕುತ್ತಿಗೆಯ ನೆರಿಗೆ, ತೋಳಿನ ಜೋಲು, ಒಂದನ್ನೂ ಬಿಟ್ಟಿಲ್ಲ. ಬಾಯಿ ಅರ್ಧ ತೆರೆದು ಯಾರಿಗೋ ಬೈಯುವವಳ ಹಾಗಿದ್ದೇನೆ. ಬಲಗಾಲು ಮಾತ್ರ ಹೊಗೆಯ ಹಾಗೆ. "ಇದೇನು ಹೀಗಾಯ್ತು?" ಎಂದರೆ, "ಅದು ಅಲ್ಲಿ ನಿಂತಿರ್ಲಿಲ್ಲ ಅಮ್ಮ" ಎಂದಳು.

ಸೂಟು ಹಾಕಿದ ಬಿಳಿಯರೊಬ್ಬರು ಚಿತ್ರ ನೋಡಿ, ನನ್ನನ್ನು ನೋಡಿ, ಬಹಳ ಮೃದುವಾಗಿ, "ತುಂಬಾ ನೋವಿತ್ತಾ ಆಗ?" ಎಂದು ಕೇಳಿದರು.

"ನೋವಾ? ತೆಮ್ನೆ ಅದು" ಎಂದೆ.

ಅವರಿಗೆ ತಿಳಿಯಲಿಲ್ಲ. ಹೇಳಿ ತಿಳಿಸುವಂಥದ್ದಲ್ಲವಲ್ಲ. ಚೀಲವನ್ನು ಅವರ ಕೈಗೆ ಕೊಟ್ಟು, ಲಂಗ ಎತ್ತಿ ಹಿಡಿದು ತೋರಿಸಿದೆ. ಡೋಲು ಇರಲಿಲ್ಲ, ರೂಬಿ ಬೆಂಚಿನ ಮೇಲೆ ಬಡಿದಳು. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಇಲ್ಲಿ ಕುಣಿಯುವ ಹಾಗಿಲ್ಲ ಎನ್ನಲು ಕಾವಲುಗಾರ ಬಂದ. "ಬಾಪ್ಪ, ಒಳ್ಳೇ ಟೈಮಿಗೆ ಬಂದೆ" ಎಂದು ರೂಬಿ ಅವನ ಎರಡೂ ಕೈ ಹಿಡಿದುಕೊಂಡಳು. ಜೋಸ್ಲಿನ್ ಒಂದು ಮೂಲೆಯಲ್ಲಿ ಕ್ಯಾಮೆರಾವನ್ನು ಕಣ್ಣಿಗೆ ಎತ್ತಿದಳು, ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು, ತೆಗೀಲಾ ಎಂದು. ನಾನು ಹೂಂ ಎಂದು ತಲೆಯಾಡಿಸಿದೆ.

ಇದು ಮರುದಿನದ ಸಂಜೆ. ಕಾಲು ಇನ್ನೂ ಬೆಚ್ಚಗಿದೆ, ಎಸ್ಟಿಮಿ. ಬಲಗಾಲು.

ನಿನ್ನ ತಂಗಿ
ಲಿಯೋನಿ